ಆ ‘ಯಾರೋ’ ಯಾರು ಸ್ವಾಮಿ?

ಓಪನ್ ಸೋರ್ಸ್ ತಂತ್ರಾಂಶಗಳ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಕಿವಿಗೆ ಬೀಳುತ್ತದೆ. ‘ಅದು ಸಾಯೋದಿಲ್ಲ ಬಿಡಿ. ಬರೆದವನು ಕೈಬಿಟ್ಟರೆ ಇನ್ಯಾರೋ ಎತ್ಕೊಳ್ತಾರೆ.’ ಕಾಲೇಜುಗಳ ಕಾರ್ಯಾಗಾರದಲ್ಲಿ ಇದನ್ನು ಕೇಳಿದ್ದೇನೆ, ಕಂಪನಿಯ ಮೀಟಿಂಗಿನಲ್ಲಿ ಕೇಳಿದ್ದೇನೆ, ಕನ್ನಡ ಮತ್ತು ತಂತ್ರಜ್ಞಾನ ಎಂಬ ಫಲಕ ಕಟ್ಟಿದ ಸಭೆಗಳಲ್ಲಂತೂ ಊಟಕ್ಕೆ ಉಪ್ಪಿನಕಾಯಿ ಬಡಿಸಿದ ಹಾಗೆ ಬಡಿಸುತ್ತಾರೆ. ಹೇಳುವವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತದೆ. ಊರ ಕೆರೆ ಹೇಗೂ ತುಂಬುತ್ತದೆ, ಮಳೆ ಬಂದೇ ಬರುತ್ತದೆ ಎನ್ನುವವರ ನೆಮ್ಮದಿ. ನನ್ನ ಜಗಳ ಇರುವುದು ಆ ವಾಕ್ಯದೊಳಗಿನ ಒಂದೇ ಒಂದು ಪದದ ಜೊತೆ: ‘ಯಾರೋ’.

ಆ ಯಾರೋಗೆ ಮನೆಯಿದೆ, ಬಾಡಿಗೆಯಿದೆ, ಬೆಳಗ್ಗೆ ಎದ್ದು ಹೋಗಬೇಕಾದ ಬೇರೆ ಕೆಲಸವಿದೆ ಎನ್ನುವುದು ನಮ್ಮ ತಲೆಗೆ ಬರುವುದಿಲ್ಲ. ಅವನು ಅಥವಾ ಅವಳು ಗಾಳಿಯಲ್ಲಿ ಹುಟ್ಟಿ, ನಮ್ಮ ದೂರು ಕೇಳಿ, ರಾತ್ರೋರಾತ್ರಿ ದುರಸ್ತಿ ಮಾಡಿಕೊಟ್ಟು ಮತ್ತೆ ಗಾಳಿಯಲ್ಲೇ ಮಾಯವಾಗಬೇಕು.

ಒಂದು ಕತೆ ಹೇಳುತ್ತೇನೆ. ಕಂಪ್ಯೂಟರ್ ಬಳಸುವ ಬಹಳ ಜನರಿಗೆ ಇದರ ಒಂದು ತುದಿ ಗೊತ್ತಿರುತ್ತದೆ. ಸ್ಪೇನಿನ ಅಸ್ತೂರಿಯಾಸ್ ಪ್ರಾಂತ್ಯದ ರಿಕಾರ್ಡೊ ಗಾರ್ಸಿಯಾ ಎಂಬಾತ 2006ರಲ್ಲಿ ಪೈಥಾನ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದ. ಮನೆಯಲ್ಲಿದ್ದದ್ದು ಆಮೆಗತಿಯ ಇಂಟರ್ನೆಟ್. ಯೂಟ್ಯೂಬಿನ ವಿಡಿಯೋವನ್ನು ನಿಂತು ನಿಂತು ನೋಡುವ ಬದಲು ಇಳಿಸಿಕೊಂಡು ಆರಾಮಾಗಿ ನೋಡೋಣ ಎನ್ನುವುದಷ್ಟೇ ಉದ್ದೇಶ. ಅದರ ಹೆಸರು ಯೂಟ್ಯೂಬ್-ಡಿಎಲ್. ಕೆಲವು ವರ್ಷ ನೋಡಿಕೊಂಡು, ಪುರುಸೊತ್ತು ಸಾಲದೆ ಆತ ಅದನ್ನು ಬೇರೆಯವರ ಕೈಗಿತ್ತು ಸರಿದ. ಮಾನವಾಗಿ ಸರಿದ. ಕೀಲಿಕೈಯನ್ನು ಇನ್ನೊಬ್ಬರ ಕೈಲಿಟ್ಟು ಹೋಗುವುದು ದೊಡ್ಡ ಗುಣ. ನಮ್ಮ ಸಾಹಿತ್ಯ ಸಂಸ್ಥೆಗಳ ಅಧ್ಯಕ್ಷರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬಂದವರು ಅದನ್ನು ಯೂಟ್ಯೂಬಿಗೆ ಮಾತ್ರವಲ್ಲ, ಸಾವಿರಕ್ಕೂ ಹೆಚ್ಚು ಜಾಲತಾಣಗಳಿಗೆ ಹಿಗ್ಗಿಸಿದರು. ಈ ‘ಹಿಗ್ಗಿಸಿದರು’ ಎನ್ನುವ ಪದದ ಹಿಂದೆ ಇರುವ ದುಡಿಮೆ ಎಂಥದ್ದು ಎಂದು ತಿಳಿಯದೆ ‘ಯಾರೋ ಎತ್ಕೊಳ್ತಾರೆ’ ಎನ್ನುವ ಹಕ್ಕು ನಮಗಿಲ್ಲ.

ಇಂಥ ಸಾಧನದ ಒಳಗೆ ಒಂದೊಂದು ತಾಣಕ್ಕೂ ಪ್ರತ್ಯೇಕ ಕಡತವಿರುತ್ತದೆ. ಆ ತಾಣದ ಪುಟದಲ್ಲಿ ವಿಡಿಯೋದ ನಿಜವಾದ ವಿಳಾಸ ಎಲ್ಲಿ ಅಡಗಿದೆ, ಶೀರ್ಷಿಕೆ ಎಲ್ಲಿದೆ, ಉಪಶೀರ್ಷಿಕೆ ಎಲ್ಲಿದೆ ಎಂದು ಹುಡುಕಿ ತೆಗೆಯುವುದು ಅದರ ಕೆಲಸ. ತಾಣದವರು ತಮ್ಮ ಪುಟದ ವಿನ್ಯಾಸ ಬದಲಿಸಿದ ದಿನವೇ ಆ ಕಡತ ಕೆಡುತ್ತದೆ. ಅವರು ನಿಮಗೆ ಹೇಳಿ ಬದಲಿಸುವುದಿಲ್ಲ. ನಿಮ್ಮ ಕಡತದಲ್ಲಿ ಒಂದಕ್ಷರವೂ ತಪ್ಪಿಲ್ಲ, ನಿನ್ನೆ ನಡೆಯುತ್ತಿದ್ದದ್ದು ಇವತ್ತು ನಡೆಯುವುದಿಲ್ಲ, ಅಷ್ಟೇ. ಹರಿಯುವ ಹೊಳೆಗೆ ಪ್ರತಿ ವರ್ಷ ಹೊಸದಾಗಿ ಹಾಕುವ ಕಾಲುಸಂಕದ ಹಾಗೆ. ಮಲೆನಾಡಿನವರಿಗೆ ಅರ್ಥವಾಗುತ್ತದೆ. ಸಂಕ ಕೊಚ್ಚಿಹೋದದ್ದಕ್ಕೆ ಕಟ್ಟಿದವನ ತಪ್ಪು ಹುಡುಕಿ ಪ್ರಯೋಜನವಿಲ್ಲ, ಮತ್ತೆ ಅಡಿಕೆ ಮರ ಹೊತ್ತು ತರಬೇಕು.

ಯೂಟ್ಯೂಬಿನದ್ದು ಇನ್ನೂ ಬಿಗಿ. ಅಲ್ಲಿ ವಿಡಿಯೋದ ವಿಳಾಸದ ಜೊತೆ ಒಂದು ಸಹಿ ಇರುತ್ತದೆ. ಆ ಸಹಿಯ ಅಕ್ಷರಗಳನ್ನು ಹಿಂದುಮುಂದು ಮಾಡಿ ಕಳಿಸುತ್ತಾರೆ. ಅದನ್ನು ಸರಿಯಾದ ಕ್ರಮಕ್ಕೆ ತರುವ ಸೂತ್ರ ಯೂಟ್ಯೂಬಿನ ಪ್ಲೇಯರಿನ ಜಾವಾಸ್ಕ್ರಿಪ್ಟಿನಲ್ಲೇ, ಬೇಕೆಂದೇ ಗೋಜಲು ಮಾಡಿಟ್ಟ ಸಾಲುಗಳ ನಡುವೆ ಇರುತ್ತದೆ. ನಿಮ್ಮ ಬ್ರೌಸರ್ ಅದನ್ನು ಓದಿ ವಿಡಿಯೋ ತೋರಿಸುತ್ತದೆ. ಈ ಸಾಧನವೂ ಅದನ್ನೇ ಓದಬೇಕು. ಹಾಗಾಗಿ ಅದರೊಳಗೆ ಜಾವಾಸ್ಕ್ರಿಪ್ಟನ್ನು ಅರ್ಥಮಾಡಿಕೊಳ್ಳುವ ಒಂದು ಪುಟ್ಟ ಯಂತ್ರವನ್ನೇ ಪೈಥಾನಿನಲ್ಲಿ ಬರೆದು ಕೂರಿಸಿದರು. ಪ್ಲೇಯರ್ ಬದಲಾದಾಗಲೆಲ್ಲ ಆ ಯಂತ್ರ ಎಡವುತ್ತದೆ. 2021ರಲ್ಲಿ ಹೊಸದೊಂದು ತಡೆ ಬಂತು. ಇನ್ನೊಂದು ಸಂಕೇತವನ್ನೂ ಸರಿಯಾಗಿ ಬಿಡಿಸದಿದ್ದರೆ ವಿಡಿಯೋ ಇಳಿಯುತ್ತದೆ, ಆದರೆ ವೇಗ ಸೆಕೆಂಡಿಗೆ ಸುಮಾರು 50 ಕಿಲೋಬೈಟಿಗೆ ಕುಸಿಯುತ್ತದೆ. ಬಾಗಿಲು ಮುಚ್ಚಲಿಲ್ಲ, ಒಬ್ಬೊಬ್ಬರೇ ತೆವಳಿಕೊಂಡು ಬನ್ನಿ ಎಂದರು. 2025ರ ಹೊತ್ತಿಗೆ ಗೋಜಲು ಎಷ್ಟು ಬೆಳೆಯಿತೆಂದರೆ ಆ ಪುಟ್ಟ ಯಂತ್ರ ಸಾಲದೆ, ಡೆನೋದಂಥ ಪೂರ್ಣಪ್ರಮಾಣದ ಜಾವಾಸ್ಕ್ರಿಪ್ಟ್ ಯಂತ್ರವನ್ನು ಹೊರಗಿನಿಂದ ತಂದು ಜೋಡಿಸಿಕೊಳ್ಳಿ ಎಂದು ಬಳಕೆದಾರರಿಗೆ ಹೇಳಬೇಕಾಯಿತು.

ಅಂದರೆ ಇದು ಒಮ್ಮೆ ಬರೆದು ಮುಗಿಸುವ ಪ್ರೋಗ್ರಾಮ್ ಅಲ್ಲ. ಪ್ರತಿದಿನ ಹಾಲು ಕರೆಯಬೇಕಾದ ಎಮ್ಮೆ.

ಈಗ ಕತೆಯ ನಡುಭಾಗ. 2020ರ ಅಕ್ಟೋಬರ್ 23ರಂದು ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಗಿಟ್‌ಹಬ್‌ಗೆ ನೋಟೀಸು ಕಳಿಸಿ ಯೂಟ್ಯೂಬ್-ಡಿಎಲ್ ಅನ್ನು ತೆಗೆಸಿತು. ಪರೀಕ್ಷೆಗೆಂದು ಕಡತದಲ್ಲಿ ಸೇರಿಸಿದ್ದ ವಿಳಾಸಗಳಲ್ಲಿ ಟೇಲರ್ ಸ್ವಿಫ್ಟ್, ಜಸ್ಟಿನ್ ಟಿಂಬರ್ಲೇಕ್ ಮುಂತಾದವರ ಹಾಡುಗಳಿವೆ ಎನ್ನುವುದೂ ಅವರ ಆರೋಪದಲ್ಲಿತ್ತು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ವಕೀಲರು ಉತ್ತರ ಕೊಟ್ಟ ಮೇಲೆ, ನವೆಂಬರ್ 16ರಂದು ಗಿಟ್‌ಹಬ್ ಅದನ್ನು ವಾಪಸು ಹಾಕಿತು. ಇಂಥ ಪ್ರಕರಣಗಳಲ್ಲಿ ಡೆವಲಪರುಗಳ ನೆರವಿಗೆಂದು 10 ಲಕ್ಷ ಡಾಲರ್ ನಿಧಿಯನ್ನೂ ಘೋಷಿಸಿತು. ಆ ಮೂರು ವಾರ ಜಗತ್ತಿನಾದ್ಯಂತ ಗಲಾಟೆಯೋ ಗಲಾಟೆ. ನಕಲುಗಳನ್ನು ಎಲ್ಲೆಲ್ಲೋ ಏರಿಸಿದ್ದೇ ಏರಿಸಿದ್ದು. ಎಲ್ಲರೂ ಹೋರಾಟಗಾರರೇ.

ಗೆದ್ದ ಮೇಲೆ ಮನೆಗೆ ಹೋದರು. ದೂರುಪಟ್ಟಿ ಬೆಳೆಯುತ್ತಲೇ ಇತ್ತು. ಹೊರಗಿನವರು ಬರೆದು ಕಳಿಸಿದ ನೂರಾರು ತಿದ್ದುಪಡಿಗಳು ಯಾರೂ ನೋಡದೆ ರಾಶಿ ಬಿದ್ದಿದ್ದವು. 2021ರ ಜೂನ್ ತಿಂಗಳಿಂದ ಡಿಸೆಂಬರ್ ತನಕ ಒಂದೂ ಹೊಸ ಆವೃತ್ತಿ ಬರಲಿಲ್ಲ. ಡಿಸೆಂಬರ್ 17ರಂದು ಒಂದು ಬಂತು. ಅಧಿಕೃತ ಸ್ಥಿರ ಆವೃತ್ತಿಗಳ ಸಾಲು ಅಲ್ಲಿಗೆ ನಿಂತಿತು. ಅದಾದ ಮೇಲೂ ಒಬ್ಬಿಬ್ಬರು ಮೂಲ ಕಡತಗಳಿಗೆ ತೇಪೆ ಹಾಕುತ್ತಲೇ ಬಂದಿದ್ದಾರೆ. ಪೈಥಾನ್ 2.6ರಂಥ ಓಬೀರಾಯನ ಕಾಲದ ಯಂತ್ರಗಳಲ್ಲೂ ಓಡಬೇಕೆಂದು ಪಟ್ಟು ಹಿಡಿದು ಮಾಡುತ್ತಿದ್ದಾರೆ. ಅವರನ್ನು ಲೆಕ್ಕಕ್ಕೇ ಹಿಡಿಯದೆ ‘ಅದು ಸತ್ತುಹೋಯ್ತು’ ಎನ್ನುವವರ ಬಾಯಿಗೆ ಏನು ಹೇಳೋಣ. ಹಾಳೂರಿಗೆ ಉಳಿದವನೇ ಗೌಡ ಎಂದು ನಗುವುದು ಸುಲಭ. ಹಾಳೂರಲ್ಲಿ ಉಳಿದವನು ದಿನಾ ದೀಪ ಹಚ್ಚುತ್ತಿದ್ದಾನಲ್ಲ, ಅದು ಕಾಣುವುದಿಲ್ಲ.

ಇಷ್ಟರಲ್ಲಿ ಬೇರೆ ಕಡೆ ಇನ್ನೊಂದು ನಡೆದಿತ್ತು. ರಾಶಿ ಬಿದ್ದ ತಿದ್ದುಪಡಿಗಳನ್ನು ನೋಡಿ ಬೇಸತ್ತ ಒಬ್ಬರು 2020ರಲ್ಲಿ ಯೂಟ್ಯೂಬ್-ಡಿಎಲ್‌ಸಿ ಎಂಬ ಕವಲು ತೆಗೆದರು. ಅದೂ ಕೆಲವೇ ತಿಂಗಳಲ್ಲಿ ನಿಧಾನವಾಯಿತು. ಆ ಕವಲಿನಿಂದ 2021ರ ಆರಂಭದಲ್ಲಿ ಇನ್ನೊಂದು ಕವಲು ಒಡೆಯಿತು. ಅದೇ ವೈಟಿ-ಡಿಎಲ್‌ಪಿ. ಶುರುಮಾಡಿದ್ದು ಒಬ್ಬ ವ್ಯಕ್ತಿ, ಗುಪ್ತನಾಮದಲ್ಲಿ. ಬಿದ್ದಿದ್ದ ತಿದ್ದುಪಡಿಗಳನ್ನು ಒಂದೊಂದಾಗಿ ಎತ್ತಿ, ಧೂಳು ಝಾಡಿಸಿ, ಪರೀಕ್ಷಿಸಿ ಸೇರಿಸುತ್ತಾ ಹೋದರು. ಒಬ್ಬರ ಸುತ್ತ ನಾಲ್ಕಾರು ಜನ ಸೇರಿದರು. ಡೆಬಿಯನ್, ಉಬುಂಟುಗಳು ಕೊನೆಗೆ ಹಳೆಯದರ ಜಾಗದಲ್ಲಿ ಇದನ್ನೇ ಇಟ್ಟವು. ಇವತ್ತು ಲಕ್ಷಕ್ಕೂ ಹೆಚ್ಚು ಜನ ಗಿಟ್‌ಹಬ್‌ನಲ್ಲಿ ಅದಕ್ಕೆ ನಕ್ಷತ್ರ ಒತ್ತಿದ್ದಾರೆ. ನಕ್ಷತ್ರ ಒತ್ತುವುದಕ್ಕೆ ಒಂದು ಬೆರಳು ಸಾಕು.

ಕವಲು ಒಡೆಯುವುದನ್ನು ನಮ್ಮವರು ಮನೆ ಒಡೆದ ಹಾಗೆ ನೋಡುತ್ತಾರೆ. ‘ಇದ್ದದ್ದರಲ್ಲೇ ಸೇರಿ ಮಾಡಬಹುದಿತ್ತಲ್ಲ’ ಎಂಬ ಹಿರಿಯರ ಹಿತವಚನ ನಾನೂ ಕೇಳಿದ್ದೇನೆ. ಆಸ್ತಿ ಪಾಲಾದರೆ ಅಣ್ಣನ ಗದ್ದೆ ಕಡಿಮೆಯಾಗುತ್ತದೆ. ಇಲ್ಲಿ ತಮ್ಮ ಪೂರ್ತಿ ಗದ್ದೆ ತೆಗೆದುಕೊಂಡು ಹೋದರೂ ಅಣ್ಣನಿಗೆ ಪೂರ್ತಿ ಗದ್ದೆ ಉಳಿಯುತ್ತದೆ. ಯೂಟ್ಯೂಬ್-ಡಿಎಲ್‌ನ ಪರವಾನಗಿಯೇ ಹಾಗಿದೆ. ಅನ್‌ಲೈಸೆನ್ಸ್ ಎಂದು ಅದರ ಹೆಸರು, ಯಾರು ಏನು ಬೇಕಾದರೂ ಮಾಡಿಕೊಳ್ಳಿ ಎಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದು. ಹಾಗಿರುವಾಗ ಬಾಗಿಲು ತೆರೆಯದ ಮನೆಯ ಮುಂದೆ ವರ್ಷಗಟ್ಟಲೆ ಕಾದು ಕೂರುವುದು ನಿಷ್ಠೆಯಲ್ಲ. ಕೈಬಿಟ್ಟ ಕೆಲಸವನ್ನು ಹೊಸ ಹೆಸರಿನಲ್ಲಿ ಎತ್ತಿಕೊಂಡವರು ಮೂಲದವರಿಗೆ ಮಾಡಿದ್ದು ದ್ರೋಹವಲ್ಲ, ಉಪಕಾರ.

‘ಅಯ್ಯೋ, ಕಳ್ಳರ ಉಪಕರಣಕ್ಕೆ ಇಷ್ಟೆಲ್ಲ ಪುರಾಣವೇ?’ ಎಂದು ಕೇಳುವವರು ಇದ್ದಾರೆ. ಬರಹಗಾರರೇ ಹೆಚ್ಚು ಕೇಳುತ್ತಾರೆ, ಅವರ ಆತಂಕ ಸುಳ್ಳೂ ಅಲ್ಲ. ಪುಸ್ತಕದ ಪಿಡಿಎಫ್ ಬಿಡುಗಡೆಯ ವಾರವೇ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಊರಿನಲ್ಲಿ ಇದ್ದೇವೆ. ಇಳಿಸಿಕೊಳ್ಳಬೇಡಿ ಎಂದು ಯೂಟ್ಯೂಬಿನ ಷರತ್ತುಗಳಲ್ಲಿ ಇರುವುದೂ ನಿಜ. ಆದರೆ ಒಂದು ಕಂಪನಿಯ ಷರತ್ತು ಮತ್ತು ಒಂದು ನಾಡಿನ ಕಾಯ್ದೆ ಎರಡೂ ಒಂದೇ ಅಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಬೀಗ ಒಡೆಯುವುದನ್ನು ಅಪರಾಧ ಎನ್ನುವಾಗ, ಹಕ್ಕು ಉಲ್ಲಂಘಿಸುವ ಉದ್ದೇಶ ಇರಬೇಕು ಎನ್ನುತ್ತದೆ. 52ನೇ ಕಲಮು ಸ್ವಂತ ಬಳಕೆಗೆ, ಸಂಶೋಧನೆಗೆ ಮಾಡುವ ನ್ಯಾಯಯುತ ಉಪಯೋಗಕ್ಕೆ ಜಾಗ ಬಿಟ್ಟಿದೆ. ಉದ್ದೇಶ ನೋಡಿ ಎಂದು ಕಾಯ್ದೆಯೇ ಹೇಳುತ್ತಿರುವಾಗ, ಕುಡುಗೋಲನ್ನೇ ಕಟಕಟೆಗೆ ಹತ್ತಿಸುವುದು ಯಾವ ನ್ಯಾಯ? ಜರ್ಮನಿಯಲ್ಲಿ ಅದೂ ಆಯಿತು. ಯೂಟ್ಯೂಬ್-ಡಿಎಲ್‌ನ ಜಾಲತಾಣಕ್ಕೆ ಜಾಗ ಕೊಟ್ಟಿದ್ದ ಊಬರ್‌ಸ್ಪೇಸ್ ಎಂಬ ಸಣ್ಣ ಸಂಸ್ಥೆಯ ಮೇಲೆ ಸೋನಿ, ಯೂನಿವರ್ಸಲ್, ವಾರ್ನರ್ ಸೇರಿ ದಾವೆ ಹೂಡಿದವು. 2023ರಲ್ಲಿ ಹ್ಯಾಂಬರ್ಗಿನ ನ್ಯಾಯಾಲಯ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಪ್ರೋಗ್ರಾಮ್ ಅಲ್ಲಿರಲಿಲ್ಲ, ಅದರ ಪರಿಚಯದ ಪುಟವಿತ್ತು, ಕೊಂಡಿಯಿತ್ತು. ಅಷ್ಟಕ್ಕೇ.

ನನಗೆ ಗೊತ್ತಿರುವ ಬಳಕೆದಾರರು ಎಂಥವರು ಎಂದು ಹೇಳಿಬಿಡುತ್ತೇನೆ. ಕರಾವಳಿಯ ಒಬ್ಬ ಹವ್ಯಾಸಿ ಭಾಗವತರಿದ್ದಾರೆ. ತೀರಿಕೊಂಡ ಹಿರಿಯ ಕಲಾವಿದರ ತಾಳಮದ್ದಳೆಗಳನ್ನು ಅಭಿಮಾನಿಗಳು ಹಳೆ ಕ್ಯಾಸೆಟ್ಟಿನಿಂದ ಯೂಟ್ಯೂಬಿಗೆ ಏರಿಸಿರುತ್ತಾರಲ್ಲ, ಅವನ್ನು ಇಳಿಸಿ ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು ಬರೆದು ಜೋಡಿಸಿಡುತ್ತಾರೆ. ಏರಿಸಿದವರು ಪಾಸ್‌ವರ್ಡ್ ಮರೆತೋ, ಮನೆಯವರು ಅಳಿಸಿಯೋ ಆ ಚಾನೆಲ್ಲುಗಳು ಕಾಣೆಯಾಗುತ್ತಲೇ ಇರುತ್ತವೆ. ಈಗ ಕೆಲವು ಆಟಗಳಿಗೆ ಉಳಿದಿರುವ ಪ್ರತಿ ಇವರ ಹಾರ್ಡ್‌ಡಿಸ್ಕಿನಲ್ಲಿರುವುದು ಮಾತ್ರ. ಇನ್ನೊಬ್ಬರು ಸರ್ಕಾರಿ ಶಾಲೆಯ ವಿಜ್ಞಾನದ ಮೇಡಂ. ಶಾಲೆಯಲ್ಲಿ ಪ್ರೊಜೆಕ್ಟರ್ ಇದೆ, ನೆಟ್‌ವರ್ಕ್ ಇಲ್ಲ. ಭಾನುವಾರ ತಾಲ್ಲೂಕು ಕೇಂದ್ರದಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯುತ್ತಾರೆ. ಅದೇ ಸಾಧನವನ್ನು ಬಳಸಿ ಕೃತಕ ಬುದ್ಧಿಮತ್ತೆಗೆ ಉಣಿಸಲು ವಿಡಿಯೋಗಳನ್ನು ರಾಶಿ ಹಾಕಿಕೊಳ್ಳುವ ಕುಳಗಳೂ ಇವೆ. ಕಳ್ಳ ಎನ್ನುವ ಮಾತು ಬಂದಾಗ ಮಾತ್ರ ನಮ್ಮ ಬೆರಳು ಮೇಡಂ ಕಡೆ ತಿರುಗುತ್ತದೆ.

ನಾನು ಈ ಸಾಧನದ ನಿರ್ವಾಹಕನಲ್ಲ. ಒಂದು ಸಣ್ಣ ತಾಣದ ಕಡತ ಕೆಟ್ಟಿದ್ದನ್ನು ಸರಿಮಾಡಿ ಕಳಿಸಿದವನು, ಅಷ್ಟು ಮಾತ್ರ. ಅದಕ್ಕೆ ಮೂರು ಸಂಜೆ ಹಿಡಿಯಿತು. ಕಳಿಸಿದ್ದನ್ನು ಯಾರೋ ಒಬ್ಬರು, ನನ್ನ ಮುಖ ನೋಡದವರು, ಸಾಲು ಸಾಲಾಗಿ ಓದಿ, ಈ ಹೆಸರು ಸರಿಯಿಲ್ಲ, ಇಲ್ಲಿ ಶೀರ್ಷಿಕೆ ಸಿಗದಿದ್ದರೂ ಪ್ರೋಗ್ರಾಮ್ ನಿಲ್ಲಬಾರದು, ಒಂದು ಪರೀಕ್ಷೆ ಸೇರಿಸಿ ಎಂದು ಹೇಳಿ ತಿದ್ದಿಸಿಕೊಂಡರು. ನಮ್ಮ ಪತ್ರಿಕೆಗಳ ಸಂಪಾದಕರಲ್ಲಿ ಎಷ್ಟು ಜನ ಒಂದು ಲೇಖನವನ್ನು ಹಾಗೆ ಓದುತ್ತಾರೋ ಕಾಣೆ. ಕೆಲವೇ ತಿಂಗಳಲ್ಲಿ ಆ ತಾಣದವರು ಮತ್ತೆ ವಿನ್ಯಾಸ ಬದಲಿಸಿದರು. ಆಗ ಅದನ್ನು ಸರಿಮಾಡಿದ್ದು ನಾನಲ್ಲ, ಇನ್ನೊಬ್ಬರು. ಅದರ ಕೆಳಗೇ ಒಬ್ಬ ಬಂದು, ಇನ್ನೂ ಯಾಕೆ ಸರಿಯಾಗಿಲ್ಲ, ನೀವೆಲ್ಲ ಏನು ಮಾಡುತ್ತಿದ್ದೀರಿ ಎಂದು ಗದರಿದ್ದ. ಬಿಟ್ಟಿ ಊಟದ ಪಂಕ್ತಿಯಲ್ಲಿ ಕೂತು ಸಾರಿಗೆ ಉಪ್ಪು ಕಡಿಮೆ ಎಂದು ಎಲೆ ಎತ್ತಿ ಎಸೆದ ಹಾಗೆ.

ಒಬ್ಬಂಟಿ ನಿರ್ವಾಹಕನನ್ನು ಹೀಗೆ ಗದರುವುದು ಬರೀ ಸಭ್ಯತೆಯ ಪ್ರಶ್ನೆಯಲ್ಲ. ಎಕ್ಸ್‌ಜ಼ೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಾಧನವೊಂದಿದೆ. ಜಗತ್ತಿನ ಬಹುಪಾಲು ಲಿನಕ್ಸ್ ಯಂತ್ರಗಳಲ್ಲಿ ಅದು ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಫಿನ್ಲೆಂಡಿನ ಒಬ್ಬರೇ, ಸಂಬಳವಿಲ್ಲದೆ. 2022ರಲ್ಲಿ ಕೆಲವರು ಬಂದು, ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಮೇಲಿಂದ ಮೇಲೆ ಚುಚ್ಚತೊಡಗಿದರು. ಆತ ತನ್ನ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ವಿವರಿಸಿದರೂ ಬಿಡಲಿಲ್ಲ. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನ ‘ಯಾರೋ’ ಒಬ್ಬರು ಬಹಳ ವಿನಯದಿಂದ ನೆರವಿಗೆ ನಿಂತಿದ್ದರು. ನಂಬಿಕೆ ಗಳಿಸಿದರು, ಕೀಲಿಕೈ ಪಡೆದರು, 2024ರ ಆರಂಭದಲ್ಲಿ ಅದರೊಳಗೆ ಕಳ್ಳಗಿಂಡಿ ಕೊರೆದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ತಲೆಕೆಡಿಸಿಕೊಂಡು ಬೆನ್ನುಹತ್ತಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ‘ಇನ್ಯಾರೋ ಎತ್ಕೊಳ್ತಾರೆ’ ಎಂದಿರಲ್ಲ, ಎತ್ತಿಕೊಂಡರು ನೋಡಿ.

ಇನ್ನು ದುಡ್ಡಿನ ಮಾತು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಥದ್ದೇ ಓಪನ್ ಸೋರ್ಸ್ ಸಾಧನವೊಂದು ದಿನವಿಡೀ ಓಡುತ್ತಿತ್ತು. ಅದರ ನಿರ್ವಾಹಕರು ಇನ್ನು ಆಗುವುದಿಲ್ಲ ಎಂದು ಬರೆದುಕೊಂಡಿದ್ದರು. ತಿಂಗಳಿಗೆ ಇಷ್ಟು ಎಂದು ಕೊಡೋಣ, ಇಲ್ಲದಿದ್ದರೆ ನಮ್ಮಲ್ಲೇ ಒಬ್ಬರು ವಾರಕ್ಕೆ ಅರ್ಧ ದಿನ ಅದಕ್ಕೆ ಕೂರಲಿ ಎಂದು ಕೇಳಿದೆ. ನಮ್ಮ ಮ್ಯಾನೇಜರು ‘ಫ್ರೀ ಅಲ್ವೇನ್ರೀ ಅದು?’ ಎಂದರು. ಫ್ರೀ ಎಂದು ಒಪ್ಪಿಕೊಂಡೆ. ‘ಮತ್ತೆ ಫ್ರೀ ಇರೋದಕ್ಕೆ ಯಾಕ್ರೀ ದುಡ್ಡು?’ ಅದೇ ವಾರ ಕಚೇರಿಯ ಕಾಫಿ ಯಂತ್ರದ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಬಿತ್ತು. ಕಾಫಿ ಯಂತ್ರ ತಾನಾಗಿ ಸರಿಯಾಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದೆ. ಬೆಂಗಳೂರಿನಲ್ಲಿ ಎಲ್ಲರೂ ಹೀಗೆ ಎಂದರೆ ಅನ್ಯಾಯವಾದೀತು. ಝೆರೋಧಾ 2024ರಲ್ಲಿ ಫ್ಲಾಸ್ ಫಂಡ್ ಎಂದು ವರ್ಷಕ್ಕೆ 10 ಲಕ್ಷ ಡಾಲರನ್ನು ಜಗತ್ತಿನ ಇಂಥ ಯೋಜನೆಗಳಿಗೆ ತೆಗೆದಿಟ್ಟಿತು. ಐಟಿ ರಾಜಧಾನಿ ಎಂದು ಮೂರು ದಶಕ ಬೀಗಿದ ಊರಿನಲ್ಲಿ ಅಂಥ ಹೆಸರುಗಳನ್ನು ಎಣಿಸಲು ಎರಡನೇ ಕೈಯ ಬೆರಳು ಬೇಕಾಗುವುದಿಲ್ಲ.

ನಮಗೆ ಇದು ತಿಳಿಯದ ವಿದ್ಯೆಯೇನಲ್ಲ. ಕನ್ನಡ ಶಾಸನಗಳನ್ನು ಸ್ವಲ್ಪ ತಿರುವಿಹಾಕಿದವರಿಗೂ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಎದುರಾಗಿರುತ್ತದೆ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿಮಾಡಲು ಎಂದು ಹೆಸರಿಸಿಯೇ ಭೂಮಿ ಬಿಡುತ್ತಿದ್ದರು. ಕೆರೆಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಬೇರೆ ದತ್ತಿಗಳಿದ್ದವು. ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಬರೆಯುವಾಗಲೇ, ನಾಳೆ ಇದು ಹೂಳು ತುಂಬುತ್ತದೆ, ಏರಿ ಕುಸಿಯುತ್ತದೆ, ತೆಗೆಯುವವನಿಗೆ ಊಟ ಬೇಕು ಎಂದು ಲೆಕ್ಕ ಹಾಕಿದ್ದರು. ಯಾರೋ ಹೂಳು ತೆಗೆಯುತ್ತಾರೆ ಎಂದು ಯಾವ ಶಾಸನದಲ್ಲೂ ಬರೆದದ್ದನ್ನು ನಾನು ಕಂಡಿಲ್ಲ. ಈಗಿನ ನಮ್ಮ ಕನ್ನಡ ತಂತ್ರಾಂಶಗಳ ಕತೆ ಉಲ್ಟಾ. ಬಿಡುಗಡೆಗೆ ಮಂತ್ರಿಗಳು ಬರುತ್ತಾರೆ, ಶಾಲು ಹೊದಿಸುತ್ತಾರೆ, ಫೋಟೋ ಬರುತ್ತದೆ. ಎರಡು ವರ್ಷದ ಮೇಲೆ ವಿಂಡೋಸ್ ಬದಲಾಗಿ ಅದು ಓಡದಿದ್ದರೆ ಫೋನೆತ್ತುವವರಿಲ್ಲ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಡಿಟಿಪಿ ಮಾಡಿದ ಎಷ್ಟೋ ಕನ್ನಡ ಪುಸ್ತಕಗಳ ಕಡತಗಳು ಪ್ರಕಾಶಕರ ಹಳೆ ಕಂಪ್ಯೂಟರುಗಳಲ್ಲಿ ಕೂತಿವೆ. ಅವನ್ನು ಇಂದಿನ ಲಿಪಿಗೆ ತರುವ ಪರಿವರ್ತಕಗಳಿವೆ, ಹವ್ಯಾಸಿಗಳು ಬರೆದದ್ದು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅವು ಎಡವಿದಾಗ ತಿದ್ದುವವರಿಗೆ ಯಾವ ಅಕಾಡೆಮಿಯ ಬಜೆಟ್ಟಿನಲ್ಲೂ ಒಂದು ಸಾಲಿಲ್ಲ. ಹೊಸದಾಗಿ ಬರೆಯುತ್ತೇನೆ ಎಂದರೆ ಯೋಜನೆ ಮಂಜೂರಾದೀತು, ಇದ್ದದ್ದನ್ನು ನೋಡಿಕೊಳ್ಳುತ್ತೇನೆ ಎಂದರೆ ಅರ್ಜಿ ಹಾಕಲು ಕಾಲಮ್ಮೇ ಇಲ್ಲ.

ಆ ಕಾಲಮ್ಮು ಬೇಕು ಎನ್ನುವುದು ನನ್ನ ಒತ್ತಾಯ. ಕನ್ನಡಕ್ಕಾಗಿ ಸಾರ್ವಜನಿಕ ಹಣದಿಂದ ಒಂದು ತಂತ್ರಾಂಶ ಬರೆಸುವವರು ಅದೇ ಆದೇಶದಲ್ಲಿ, ಮುಂದಿನ ಹತ್ತು ವರ್ಷ ಅದನ್ನು ನೋಡಿಕೊಳ್ಳುವವರಿಗೆ ಎಷ್ಟು ಎಂದು ಬರೆಯಲಿ. ಮೂಲ ಕಡತಗಳನ್ನು ಎಲ್ಲರಿಗೂ ಸಿಗುವಂತೆ ಇಡಲಿ, ಅವರು ಕೈಬಿಟ್ಟ ದಿನ ಇನ್ನೊಬ್ಬರು ಕೇಳದೆ ಎತ್ತಿಕೊಳ್ಳುವ ಪರವಾನಗಿ ಇರಲಿ. ಕಂಪನಿಗಳು ತಾವು ಬಳಸುವ ಸಾಧನಗಳ ಪಟ್ಟಿಯನ್ನು ಒಮ್ಮೆ ತೆಗೆದು, ಒಂದೊಂದರ ಹಿಂದೆ ಎಷ್ಟು ಜನ ಇದ್ದಾರೆ ಎಂದು ಎಣಿಸಲಿ. ಒಬ್ಬರೇ ಇದ್ದರೆ ಅವರಿಗೆ ಒಂದು ಪತ್ರ ಬರೆದು ಏನು ಬೇಕು ಎಂದು ಕೇಳಲಿ. ಇಷ್ಟು ದಿನ ಬಿಟ್ಟಿ ಬಳಸಿದ ನಮ್ಮಂಥವರು, ಮುಂದಿನ ಸಲ ವಿಡಿಯೋ ಇಳಿಯದೆ ನಿಂತಾಗ, ದೂರು ಬರೆಯುವ ಮುಂಚೆ ಅದೇ ದೂರು ಅಲ್ಲಿ ಈಗಾಗಲೇ ಇದೆಯೇ ಎಂದು ನೋಡಲಿ. ಇದ್ದರೆ ಸುಮ್ಮನಿರಲಿ. ಯಾರೋ ಕೆಲಸ ಮಾಡುತ್ತಿದ್ದಾರೆ.